ಸದ್ದಿಲ್ಲದ ಹತ್ತು ನಿಮಿಷ

ಟಿವಿ ಕಾರ್ಯಕ್ರಮದ ಜೊತೆಗೆ ಅದನ್ನು ನೋಡುವವರನ್ನೂ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ಟಿವಿ ಪೆಟ್ಟಿಗೆಗಳಲ್ಲಿದ್ದದ್ದೆಲ್ಲ ಆ ಸಂಜೆಗೆ ತಾನಾಗಿಯೇ ಅಳಿಸಿಹೋಗಲಿತ್ತು. ಬೇಕಾದವರು ಅಷ್ಟರೊಳಗೆ ವರ್ಗಾವಣೆ ಕೇಂದ್ರದಲ್ಲಿ ಡಿವಿಡಿ ಮಾಡಿಸಿಕೊಳ್ಳಬೇಕು. ನಾನೂ ನಮ್ಮ ಪೆಟ್ಟಿಗೆ ಹೊತ್ತು ಹೋದೆ.

ನನಗೆ ಬೇಕಿದ್ದದ್ದು ಹತ್ತೇ ನಿಮಿಷ. ಕೊನೆಗಾಲದಲ್ಲಿ ಮಾತು ನಿಂತುಹೋಗಿದ್ದ ನಮ್ಮವರು, ಸೋಫಾದಲ್ಲಿ ನಿದ್ದೆಹೋದ ನನ್ನ ಕಡೆಗೆ ಟೇಬಲ್ ಫ್ಯಾನನ್ನು ಮೆಲ್ಲಗೆ ತಿರುಗಿಸುವ ಹತ್ತು ನಿಮಿಷ.

"ಇದರಲ್ಲಿ ಏನೂ ಇಲ್ಲವಲ್ಲಮ್ಮ," ಎಂದು ಮೇಲ್ವಿಚಾರಕ ಮೂಗು ಮುರಿದ. "ಸದ್ದಿಲ್ಲದ ಭಾಗವನ್ನು ಯಂತ್ರ ಕತ್ತರಿಸಿಬಿಡುತ್ತೆ."

"ಜಾಹೀರಾತನ್ನೂ ಕತ್ತರಿಸುತ್ತಾ?"

"ಅದರಲ್ಲಿ ಸದ್ದಿದೆಯಲ್ಲ!"

ಎಂಥ ಬುದ್ಧಿವಂತ ಯಂತ್ರ! ಸೋಪಿನ ಜಾಹೀರಾತು ಆಸ್ತಿ, ನನ್ನ ಗಂಡ ಕಸ. ಇದನ್ನು ಮಾಡಿದವರ ಮನೆಯಲ್ಲಿ ಕಿರುಚದವರಿಗೆ ಅನ್ನವನ್ನೂ ಬಡಿಸುವುದಿಲ್ಲವೇನೋ.

ಅವನು ಊಟಕ್ಕೆ ಎದ್ದುಹೋದ. ಯಂತ್ರ ನಡೆಸುವ ನಫೀಸಾ ಒಂದು ಮೈಕನ್ನು ಅದಕ್ಕೆ ಸಿಕ್ಕಿಸಿದಳು. "ಸದ್ದು ತಾನೇ ಬೇಕು ಈ ಮೂದೇವಿಗೆ? ನೀವು ಕೂತ್ಕೊಳ್ಳಿ ಅಮ್ಮಾ," ಎಂದು ಗುಂಡಿ ಒತ್ತಿದಳು. ಹತ್ತು ನಿಮಿಷವೂ ಬಿಡದೆ ಕೆಮ್ಮಿದಳು.

ಈಗ ದಿನಾ ಡಿವಿಡಿ ಹಾಕುತ್ತೇನೆ. ನಮ್ಮವರು ಫ್ಯಾನ್ ತಿರುಗಿಸುತ್ತಾರೆ, ನಫೀಸಾ ಕೆಮ್ಮುತ್ತಾಳೆ. ಅದನ್ನು ನೋಡುತ್ತಲೇ ಅವಳಿಗೆಂದು ಶುಂಠಿ ಕಷಾಯದ ಪುಡಿ ಕುಟ್ಟುತ್ತಿದ್ದೇನೆ.