ಹದಿನೈದನೆಯ ಕುರುಡ

ಕಿತ್ತಳೆ ಹಣ್ಣು ನೇರವಾಗಿ ಮೂಗಿಗೆ ಬಂದು ಬಡಿಯಿತು. ಅದು ಬರುತ್ತಿರುವುದನ್ನು ಓರಿನ್ ಪೆಲ್ ನೋಡಿದ್ದ. ಆದರೂ ರೆಪ್ಪೆ ಅಲುಗಿಸಲಿಲ್ಲ.

"ಯಾರಪ್ಪಾ ಅದು?" ಎಂದು ಗಾಳಿಯಲ್ಲಿ ಕೈಯಾಡಿಸಿ ತಡಕಾಡಿದ.

ಎಸೆದವನು ನಿರ್ದೇಶಕ ಮೊರ್ಲಾಕ್. "ಕೈ ಜಾರ್ತು ಮಾರಾಯ," ಎಂದು ನಕ್ಕ. "ಪಾತ್ರ ನಿಂದೇ, ಹೋಗು."

ಹಾಲಿವುಡ್ಡಿಗೆ ಬಂದು ಹನ್ನೊಂದು ವರ್ಷವಾಗಿತ್ತು. ಓರಿನ್ ಕಳ್ಳನಾಗಿದ್ದ, ಪಾದ್ರಿಯಾಗಿದ್ದ, ಹೆಣವಾಗಿಯೂ ಮಲಗಿದ್ದ. ಪರದೆಯ ಮೇಲೆ ಹೆಸರು ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಈ ಚಿತ್ರದ ಕುರುಡ ತಂದೆಯ ಪಾತ್ರ ಮಾಡುವವನಿಗೆ ಅದು ಸಿಗುತ್ತಿತ್ತು, ನಾಯಕನ ಹೆಸರಿನ ಕೆಳಗೇ. ನಿಜವಾದ ಕುರುಡನೇ ಬೇಕೆಂದು ಮೊರ್ಲಾಕ್ ಪತ್ರಿಕೆಗಳಲ್ಲಿ ಡಂಗುರ ಸಾರಿಸಿದ್ದ. ಓರಿನ್ ಕೋಲು ಹಿಡಿದು ಸಾಲಿನಲ್ಲಿ ನಿಂತ. ಅಷ್ಟು ವರ್ಷ ಅಂಟುಗಡ್ಡಗಳ ಹಿಂದೆ ಇದ್ದವನ ಮುಖ ಯಾರಿಗೆ ನೆನಪಿರುತ್ತದೆ?

ಅವನ ಮುಂದಿದ್ದ ಹದಿನಾಲ್ಕು ಕುರುಡರನ್ನೂ ಮೊರ್ಲಾಕ್ ಎರಡೆರಡು ನಿಮಿಷದಲ್ಲಿ ಸಾಗಹಾಕಿದ್ದ. ಪಾಪ, ನಟನೆ ಬರಬೇಕಲ್ಲ ಎಂದು ಓರಿನ್ ಒಳಗೊಳಗೇ ಬೀಗಿದ.

ಚಿತ್ರದ ಕಥೆ ಮೊರ್ಲಾಕ್‌ನ ಜೇಬಿನಲ್ಲೇ ಇರುತ್ತಿತ್ತು. ಅಂದಂದಿನ ದೃಶ್ಯವನ್ನು ಅಂದಂದೇ ಹೇಳುವುದು ಅವನ ಪದ್ಧತಿ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ತೊಂದರೆ ಇದ್ದದ್ದು ಚಿತ್ರೀಕರಣಕ್ಕೆ ಉರಿಸುವ, ಕಣ್ಣು ಕುಕ್ಕುವ ಆರ್ಕ್ ದೀಪಗಳದು. ದೃಶ್ಯ ಮುಗಿದ ತಕ್ಷಣ ಎಲ್ಲರೂ ಮುಖ ತಿರುಗಿಸಿ ಕಪ್ಪು ಕನ್ನಡಕ ಏರಿಸುತ್ತಿದ್ದರು. ಕುರುಡನೂ ಹಾಗೆ ಮಾಡಿದರೆ ಬಣ್ಣ ಬಯಲಾಗುತ್ತದೆ. ಓರಿನ್ ದೀಪದ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದ.

"ಕಣ್ಣು ಜೋಪಾನ, ಓರಿನ್," ಎನ್ನುತ್ತಿದ್ದ ಮೊರ್ಲಾಕ್, ದಿನವೂ.

"ಇದ್ರೆ ತಾನೇ ಸಾರ್, ಜೋಪಾನ ಮಾಡೋದು?"

ದೀಪ ಹಿಡಿಯುವ ಗಸ್ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಇಡೀ ಸ್ಟುಡಿಯೋ ನಗುತ್ತಿತ್ತು. ದುಷ್ಟರು, ಕುರುಡನನ್ನೂ ಬಿಡುವುದಿಲ್ಲವಲ್ಲ ಎಂದುಕೊಳ್ಳುತ್ತಿದ್ದ ಓರಿನ್.

ಮನೆಗೆ ಹೋದರೆ ಕಣ್ಣಿಗೆ ಮರಳು ಸುರಿದಂಥ ಉರಿ. ಹಸಿ ಆಲೂಗಡ್ಡೆಯ ಹೋಳು ಕಟ್ಟಿಕೊಂಡು ಬಿದ್ದಿರುತ್ತಿದ್ದ. ಮೂರನೆಯ ವಾರ ಡಾಕ್ಟರು ಗದರಿದರು.

"ಇನ್ನೊಂದು ದಿನ ಆ ದೀಪ ನೋಡಿದ್ರೆ ಕಣ್ಣು ಹೋಗುತ್ತೆ ಕಣ್ರೀ. ಇವತ್ತೇ ಬಿಟ್ಟುಬಿಡಿ."

"ಎರಡೇ ದಿನ ಉಳಿದಿರೋದು, ಡಾಕ್ಟ್ರೇ."

ಬಿಡಲಿಲ್ಲ, ಮೂರ್ಖ. ಮರುದಿನವೂ ದೀಪದೆದುರು ಕೂತ.

ಕೊನೆಯ ದಿನ ಬೆಳಿಗ್ಗೆ ಎದ್ದಾಗ ಬೆಳಕೇ ಇರಲಿಲ್ಲ. ಕಿಟಕಿ ತೆರೆದ. ಬಿಸಿಲು ಕೈಗೆ ತಾಗಿತು, ಕಣ್ಣಿಗೆ ಕಾಣಲಿಲ್ಲ. ತುಂಬ ಹೊತ್ತು ಅತ್ತ. ಆಮೇಲೆ ಹುಚ್ಚನಂತೆ ನಕ್ಕ. ಇನ್ನು ಸಿಕ್ಕಿಬೀಳುವ ಭಯವಿಲ್ಲ. ಹೆಸರನ್ನು ಯಾರೂ ಕಿತ್ತುಕೊಳ್ಳಲಾರರು. ಟ್ಯಾಕ್ಸಿಯವನ ಕೈ ಹಿಡಿದು ಸ್ಟುಡಿಯೋಗೆ ಬಂದ.

ನಟರಿಗೆ ಭಾವ ಬರಲೆಂದು ಸೆಟ್ಟಿನಲ್ಲಿ ನುಡಿಸುವ ಪಿಟೀಲಿನವನು ಆಗಲೇ ಕರುಳು ಹಿಂಡುವ ರಾಗ ಎತ್ತಿದ್ದ. ಮೊರ್ಲಾಕ್ ಬಂದು ಹೆಗಲ ಮೇಲೆ ಕೈ ಹಾಕಿದ. ಎಂದೂ ಇಲ್ಲದ ಪ್ರೀತಿ ಅವನ ದನಿಯಲ್ಲಿತ್ತು.

"ನಾಟಕ ಸಾಕು ಮಾರಾಯ, ನಿನಗೆ ಕಣ್ಣು ಕಾಣುತ್ತೆ ಅಂತ ನಮಗೆಲ್ಲ ಮೊದಲ ದಿನವೇ ಗೊತ್ತು, ಅದಕ್ಕೇ ನಿನ್ನ ತಗೊಂಡಿದ್ದು. ನಿಜವಾದ ಕುರುಡ ಬೇಕು ಅಂದದ್ದು ಬರೀ ಪ್ರಚಾರಕ್ಕೆ. ಇವತ್ತಿನ ದೃಶ್ಯದಲ್ಲಿ ಕುರುಡನಿಗೆ ದೃಷ್ಟಿ ಬರುತ್ತೆ. ಇದು ಕೆಟ್ಟರೆ ಬೇರೆಯವನನ್ನ ಹಾಕಿ ಇಡೀ ಚಿತ್ರ ಮತ್ತೆ ತೆಗೀತೀನಿ. ಹೂಂ, ನಿನ್ನ ಮಗಳ ಪಾತ್ರದವಳು ಎದುರಿಗೇ ನಿಂತಿದ್ದಾಳೆ, ಅವಳ ಕಣ್ಣಲ್ಲಿ ಕಣ್ಣಿಟ್ಟು ನಡಿ."