ಒಂದು ಫೈಲ್ ತಾನೇ?

"ನಿನ್ನ ನಮೂನೆ ಫೈಲೇ ಸರಿಯಿಲ್ಲ ಕಣೇ! ಅದರಂತೆ ಹೊಲಿದ್ರೆ ಹೀಗಾಗಿದೆ ನೋಡು!" ಟೈಲರ್ ಹೆಂಗಸಿನ ಗಂಡನ ಅಕ್ಕ ಬಾಗಿಲಲ್ಲೇ ಶುರುಮಾಡಿದಳು. ಹೊಸ ಫ್ರಾಕಿನ ಕತ್ತಿನಲ್ಲಿ ತಲೆ ಸಿಕ್ಕಿಕೊಂಡು ಅವಳ ಮಗಳು ಬಟ್ಟೆಯೊಳಗಿಂದಲೇ ಕಿರುಚುತ್ತಿದ್ದಳು. ಟೈಲರ್ ಕತ್ತರಿ ತಂದು, ಭುಜದ ಹೊಲಿಗೆ ಬಿಚ್ಚಿ, ಹುಡುಗಿಯನ್ನು ಬಿಡಿಸಿದಳು.

"ಪ್ರಿಂಟ್ ಮಾಡಿದ ಮೊದಲನೇ ಹಾಳೇಲಿರೋ ಚೌಕ ಅಳೆದು ನೋಡಿದ್ರಾ ಅತ್ತಿಗೆ? ಅದು ಒಂದಿಂಚಿಗಿಂತ ಕಡಿಮೆ ಬಂದ್ರೆ ಪ್ರಿಂಟು ಕುಗ್ಗಿದೆ ಅಂತ. ಕೊಂಡೋರಿಗೆಲ್ಲ ಬರೆದು ಹೇಳಿದ್ದೀನಿ."

"ನಾನ್ಯಾಕೆ ಕೊಳ್ಳಲಿ? ತಮ್ಮ ಕಳಿಸಿದ. ನಮ್ಮ ಕಡೆಯೋರಿಗೆಲ್ಲ ಕಳಿಸಿದ್ದಾನೆ, ಪಾಪ."

ಟೈಲರ್ ಕೈಯಲ್ಲಿ ಕತ್ತರಿ ಹಾಗೇ ನಿಂತಿತು. ಅವಳು ಮಾರಾಟಕ್ಕಿಟ್ಟ ಮೊಟ್ಟಮೊದಲ ಫೈಲ್ ಅದು. ತನ್ನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಎಲ್ಲಿ ಎದ್ದುಬಿಡುತ್ತದೋ ಎಂದು ಜೋಮು ಹಿಡಿದ ಕಾಲನ್ನೂ ಅಲುಗಿಸದೆ, ಕಂಪ್ಯೂಟರಿನಲ್ಲಿ ಒಂದೊಂದೇ ಗೆರೆ ಎಳೆದು ಮಾಡಿದ ಫ್ರಾಕಿನ ನಮೂನೆ. ಆಗ ಗಂಡ ಒಂದು ದಿನವೂ ಕೂಸನ್ನು ಎತ್ತಿಕೊಂಡಿರಲಿಲ್ಲ.

ಈಗ ಸೋಫಾದಲ್ಲಿ ಕೂತವನು ಮೊಬೈಲಿನಿಂದ ತಲೆಯನ್ನೂ ಎತ್ತಲಿಲ್ಲ. "ಒಂದು ಫೈಲ್ ತಾನೇ? ಕಳಿಸಿದ್ರೆ ಸವೆದುಹೋಗುತ್ತಾ? ನಮ್ಮೋರ ಹತ್ರ ದುಡ್ಡು ಕೇಳಿದ್ರೆ ನನ್ನ ಮರ್ಯಾದೆ ಏನಾಗಬೇಕು? ಹೋಗ್ಲಿ ಬಿಡು, ಅಕ್ಕಂಗೆ ಇನ್ನೊಂದು ಹೊಲಿದು ಕೊಟ್ಟುಬಿಡು. ಅದೇನು ಮಹಾ ಕೆಲಸ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮೆಷಿನ್ ಮುಂದಿದ್ದ ಸ್ಟೂಲನ್ನು ಕಾಲಿನಿಂದಲೇ ಅವನ ಕಡೆ ತಳ್ಳಿದಳು. ಬಿಚ್ಚಿದ ಫ್ರಾಕನ್ನು ಅವನ ಮೊಬೈಲಿನ ಮೇಲೆ ಎಸೆದಳು.

"ಏಳಿ, ನೀವೇ ಹೊಲೀರಿ. ಫೈಲ್ ನಿಮ್ಮ ಹತ್ರಾನೇ ಇದೆಯಲ್ಲ."