ದನಿ ಕೊಟ್ಟವರಿಗೆ ಪ್ರವೇಶ

ಸ್ವಲ್ಪ ನಿಲ್ಲಿ, ಗದಗಿನ ನೀಲಗಂಗಾಳ ಈ ಸಂಗತಿ ಪೂರ್ತಿ ಕೇಳಿಯೇ ಹೋಗಿ. ನಾಟಕ, ಸಿನಿಮಾ ಎರಡರಲ್ಲೂ ಮೆರೆದ ಚಂದ್ರಾಮ ಹೂಗಾರರ ಗಂಟಲು ಹೋಗಿ ಎರಡು ವರ್ಷವಾಗಿತ್ತು. ಗಂಟಲು ಹೋದ ಎಲ್ಲರಂತೆ ಅವರೂ ಎರವಲು ದನಿಯಲ್ಲೇ ಮಾತಾಡುತ್ತಿದ್ದರು. ಅವರ ಭಾಷಣಕ್ಕೆ ಟಿಕೆಟ್ಟೆಂದರೆ ಪ್ರೇಕ್ಷಕರ ದನಿ.

"ಅಕ್ಕಾರ, ದನಿ ಈ ಡಬ್ಬ್ಯಾಗ ಬಿಡ್ರಿ, ನಾಳೆ ಮುಂಜಾನೆ ಒಯ್ಯಿರಿ," ಎಂದ ಗೇಟಿನವ, ಭಾಷಣಕ್ಕೆ ಬಂದ ನೀಲಗಂಗಾಳಿಗೆ.

"ಹಂಗಾದ್ರ ಅವರ ಜೋಡಿ ನಾ ಮಾತಾಡೂದು ಹೆಂಗ್ರಿ? ಅವರ ನಾಟಕ ನೋಡೇ ನಾ ಬಿಟ್ಟ ಸಾಲಿಗೆ ತಿರುಗಿ ಓದಾಕ ಹೋದಾಕಿ. ಉಪಕಾರ ಆತು ಅನ್ನಬೇಕು."

"ಅನ್ನೂದಿದ್ರ ಹೊರಗ ನಿಲ್ರಿ, ಹೋಗುವಾಗ ಸಿಗ್ತಾರ. ಕೇಳೂದಿದ್ರ ದನಿ ಕೊಡ್ರಿ. ಎರಡೂ ಬೇಕಂದ್ರ ಇನ್ನೊಂದು ಗಂಟಲ ತರ್ರಿ!"

ನೀಲಗಂಗಾ ಡಬ್ಬಿಗೆ ಬಾಯಿಟ್ಟು ದನಿ ಬಿಟ್ಟಳು.

ಒಳಗೆ ಹೂಗಾರರು ಒಬ್ಬೊಬ್ಬರ ದನಿ ಎತ್ತಿಕೊಂಡು ಮಾತಾಡಿದರು. ಜನ ನಕ್ಕರೂ ಸದ್ದಿಲ್ಲ. 'ಒನ್ಸ್ ಮೋರ್' ಅನ್ನಲಾಗದೆ ಕುರ್ಚಿ ಬಡಿದರು. ಕೊನೆಗೆ ಅವರು ಕೈಮುಗಿದು, ನೀಲಗಂಗಾಳ ದನಿಯಲ್ಲಿ ಅಂದರು: "ನೀವು ಬಂದು ಕುಂತ್ರಿ, ಅದಕ್ಕ ನಾ ಬದುಕೀನಿ. ಉಪಕಾರ ಆತ್ರಿ."

ಅವಳು ಹೇಳಬೇಕೆಂದಿದ್ದ ಮಾತು ಅವಳದೇ ದನಿಯಲ್ಲಿ ಅವಳಿಗೇ ಬಂತು. ನೀಲಗಂಗಾ ಅಳುತ್ತಲೇ ಕುರ್ಚಿ ಬಡಿದಳು; ಹೂಗಾರರು ನಕ್ಕು ಮತ್ತೊಮ್ಮೆ ಅಂದರು.

ನೀವಾಗಿದ್ದರೆ ಒಳಗೆ ಹೋಗುತ್ತಿದ್ದಿರಾ, ಹೊರಗೇ ನಿಲ್ಲುತ್ತಿದ್ದಿರಾ?